ಪೂಜೆ ಮಾಡಿದ ಮೇನ್ ಸ್ವಿಚ್

ಈ ಸಲದ ಆಯುಧಪೂಜೆಯ ಹಿಂದಿನ ದಿನ ಹೂವು ಕೊಳ್ಳಲೆಂದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ಹೋಗಿದ್ದೆ. ಮೋಟಾರ್ ರಿಪೇರಿ ಅಂಗಡಿಯವನೊಬ್ಬ ಒಂದು ಸಣ್ಣ ಜನರೇಟರನ್ನು ರಸ್ತೆಗೆ ಎಳೆದು ತಂದು, ತೊಳೆದು, ಒರೆಸಿ, ಅದರ ಹಿಡಿಕೆಗೆ ಸೇವಂತಿಗೆ ಹಾರ ಕಟ್ಟುತ್ತಿದ್ದ. ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲ್ ಚೆಲ್ಲಿ ಹಾರದ ಮೇಲೂ ಬಿದ್ದಿತ್ತು. ಪೆಟ್ರೋಲು, ಸೇವಂತಿಗೆ, ಊದುಬತ್ತಿ ಮೂರೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. "ಏನ್ ಬೇಕಿತ್ತು ಮೇಡಮ್?" ಎಂದು ಕೇಳಿದ. "ಏನಿಲ್ಲಪ್ಪ, ವಾಸನೆ ನೋಡ್ತಿದ್ದೆ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಜನರೇಟರನ್ನು ಅಂಗಡಿಯ ಕಡೆಗೆ ಒಂದಡಿ ಎಳೆದುಕೊಂಡ.

ಅವನಿಗೆ ಹೇಗೆ ಹೇಳಲಿ? ಆ ವಾಸನೆಯಲ್ಲಿ ನನ್ನ ನೌಕರಿಯ ಮೊದಲ ವರ್ಷವಿದೆ. ಅರಕಲಗೂಡು ತಾಲ್ಲೂಕಿನ ಒಂದು ಊರಿದೆ, ಒಬ್ಬ ಅಜ್ಜಿ ಇದ್ದಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಒಬ್ಬ ಮನುಷ್ಯನ ಜೀವಕ್ಕೆ ಕುತ್ತು ಬಂದ ಒಂದು ಬೆಳಗ್ಗೆಯೂ ಇದೆ. ಹೂವು ಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಎಂಟು ವರ್ಷದ ಹಿಂದಿನ ಮಾತು. ನನಗೆ ಪಶು ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಇನ್‌ಸ್ಪೆಕ್ಟರ್ ಅಂದರೆ ಪೊಲೀಸರ ಹಾಗೆ ಏನೂ ಇಲ್ಲ. ದೊಡ್ಡ ಡಾಕ್ಟರು ತಾಲ್ಲೂಕು ಕೇಂದ್ರದಲ್ಲಿರುತ್ತಾರೆ, ಹಳ್ಳಿಯಲ್ಲಿ ದನದ ಕೊಂಬಿನ ಅಳತೆಯಲ್ಲಿ ನಿಂತು ಸೂಜಿ ಚುಚ್ಚುವವರು ನಾವು. ನಮ್ಮೂರು ಬಾಗೂರು. ತೆಂಗಿನ ಮರ, ಒಣ ಹವೆ, ಸಂತೆ ಇಷ್ಟೇ ಕಂಡವಳು ನಾನು. ಒಂದು ಟ್ರಂಕು, ಒಂದು ಹಾಸಿಗೆ ಸುತ್ತು ಹಿಡಿದು ಚನ್ನರಾಯಪಟ್ಟಣದಲ್ಲಿ ಬಸ್ ಹತ್ತಿ, ಹೊಳೆನರಸೀಪುರದಲ್ಲಿ ಇಳಿದು ಮತ್ತೆ ಹತ್ತಿ, ಅರಕಲಗೂಡಿನಲ್ಲಿ ಇಳಿದು ಮತ್ತೊಂದು ಹತ್ತಿ, ಕೊನೆಗೆ ಆ ಊರಿನ ಅರಳಿಕಟ್ಟೆಯ ಮುಂದೆ ಇಳಿದೆ. ಕಂಡಕ್ಟರ್ ಟ್ರಂಕು ಇಳಿಸಿಕೊಟ್ಟು, "ದನದ ಡಾಕ್ಟ್ರು ಬಂದವ್ರೆ ನೋಡ್ರಪ್ಪೋ" ಎಂದು ಕೂಗಿ ಹೋದ. ಕಟ್ಟೆಯ ಮೇಲಿದ್ದ ಗಂಡಸರು ಬಸ್ಸಿನಿಂದ ಇನ್ನೂ ಯಾರಾದರೂ ಇಳಿಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದರು.

ನಮ್ಮ ಪಶು ಚಿಕಿತ್ಸಾ ಕೇಂದ್ರಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಪುಟ್ಟಮ್ಮಜ್ಜಿಯವರ ಮನೆಯ ರಸ್ತೆ ಕಡೆಯ ಕೋಣೆಯೇ ಕೇಂದ್ರ. ಒಂದು ಮೇಜು, ಒಂದು ಬೀರು, ಒಂದು ಫ್ರಿಡ್ಜು. ಅದರ ಪಕ್ಕದ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಉಳಿದ ಮನೆಯಲ್ಲಿ ಅಜ್ಜಿ, ಅವರ ಮಗ ಚಂದ್ರಣ್ಣ, ಸೊಸೆ, ಇಬ್ಬರು ಮೊಮ್ಮಕ್ಕಳು. ಹಿತ್ತಲಿನ ಕೊಟ್ಟಿಗೆಯಲ್ಲಿ ಆರು ಸೀಮೆಹಸು. ಇಷ್ಟಕ್ಕೂ ಒಂದೇ ಮೀಟರು, ಒಂದೇ ಮೇನ್ ಸ್ವಿಚ್ಚು. ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಒಂದು ಹಿಡಿ, ಮೇಲೆತ್ತಿದರೆ ಕರೆಂಟು, ಕೆಳಗಿಳಿಸಿದರೆ ಇಲ್ಲ. ಹಜಾರದ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಅದೂ ಇತ್ತು.

ಅಜ್ಜಿಗೆ ಆಗಲೇ ಎಪ್ಪತ್ತು ದಾಟಿತ್ತು. ಮನೆಯ ಕಾನೂನು ಅವರ ಬಾಯಲ್ಲಿ. ಮೊದಲ ದಿನವೇ ನನ್ನ ಕೈ ಹಿಡಿದು ನೋಡಿ, "ಈ ಕೈಯಲ್ಲಿ ದನ ಹಿಡೀತೀಯೇನವ್ವ?" ಎಂದು ನಕ್ಕಿದ್ದರು. ತಿಂಗಳೊಳಗೆ ಅವರ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಾಗ ಅದೇ ಕೈ ಭುಜದ ತನಕ ಒಳಗೆ ಹೋಗಿ ಕರುವನ್ನು ತಿರುಗಿಸಿ ತಂದಿತು. ಅಲ್ಲಿಂದ ಮುಂದೆ ನಾನು ಅವರಿಗೆ 'ಡಾಕ್ಟ್ರವ್ವ' ಆದೆ, ರಾತ್ರಿಯ ಮುದ್ದೆ ನನಗೂ ಅಲ್ಲೇ ಆಯಿತು.

ಚಂದ್ರಣ್ಣ ಹಾಲು ಕರೆಯುವ ಮೆಷಿನ್ ತಂದಿದ್ದ. ಕರೆಂಟ್ ಹೋದರೆ ಆರು ಹಸುವನ್ನೂ ಕೈಯಲ್ಲಿ ಕರೆಯಬೇಕಲ್ಲ ಎಂದು ಚಕ್ರ ಇರುವ ಪೆಟ್ರೋಲ್ ಜನರೇಟರ್ ಒಂದನ್ನು ಹಾಸನದಿಂದ ತಂದು ಕೊಟ್ಟಿಗೆಯ ಹೊರಗೆ ನಿಲ್ಲಿಸಿದ್ದ. ಮೆಷಿನ್ನಿನ ಪಿನ್ನನ್ನು ನೇರ ಅದಕ್ಕೇ ಚುಚ್ಚಿದರೆ ಆಯಿತು, ಯಾರಿಗೂ ತೊಂದರೆ ಇಲ್ಲ. ಆದರೆ ಚಂದ್ರಣ್ಣನ ತಲೆ ಅಷ್ಟಕ್ಕೇ ನಿಲ್ಲುವ ತಲೆಯಲ್ಲ. ಅವನು ತಾನೇ ಒಂದು ವೈರು ಮಾಡಿಕೊಂಡಿದ್ದ. ಅದರ ಎರಡೂ ತುದಿಗೆ ಪಿನ್ನು. ಒಂದು ತುದಿಯನ್ನು ಜನರೇಟರಿಗೆ ಚುಚ್ಚಿ, ಇನ್ನೊಂದನ್ನು ಕೊಟ್ಟಿಗೆಯ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಕರೆಂಟು ಪ್ಲಗ್ಗಿನಿಂದ ಹಿಂದಕ್ಕೆ ನುಗ್ಗಿ ಇಡೀ ಮನೆಯ ದೀಪ ಉರಿಯುತ್ತಿತ್ತು. "ಇಂಜಿನಿಯರ್ ಓದ್ದೋರ್ಗೂ ಒಳೀದಿಲ್ಲ ಕಣಮ್ಮ ಇದು" ಎನ್ನುತ್ತಿದ್ದ. ಹಾಗೆ ಮಾಡುವ ಮೊದಲು ಮೇನ್ ಸ್ವಿಚ್ ಇಳಿಸಬೇಕು ಎಂಬುದು ಅವನಿಗೆ ಗೊತ್ತಿತ್ತು. ಪ್ರತಿ ಸಲ ನೆನಪಿಟ್ಟು ಇಳಿಸುತ್ತಿದ್ದ. ಆ ನೆನಪೊಂದನ್ನೇ ನಂಬಿಕೊಂಡು ಊರಿನ ಲೈನಿನ ಕೆಲಸ ನಡೆಯುತ್ತಿತ್ತು ಎಂಬುದು ನಮಗೆ ಆಮೇಲೆ ಅರ್ಥವಾಯಿತು.

ಲೈನಿನ ಕೆಲಸ ಅಂದರೆ ಸಿದ್ದರಾಜು. ಆ ಊರೂ ಸೇರಿ ಸುತ್ತಲ ಊರುಗಳಿಗೆ ಅವನೇ ಲೈನ್‌ಮನ್. ಅದೇ ಊರಿನ ಕಾಲೋನಿಯವನು, ಮೂವತ್ತರ ಆಸುಪಾಸು, ಸಣಕಲ. ಕಂಬ ಹತ್ತಿದರೆ ಮಾತ್ರ ಅವನು ಇಳಿಯುವುದನ್ನೇ ಮರೆತವನಂತೆ ಹಾಯಾಗಿ ಇರುತ್ತಿದ್ದ. ಅವನ ಹೆಗಲಲ್ಲಿ ಸದಾ ಒಂದು ಖಾಕಿ ಚೀಲ. ಲೈನಿನ ಮೇಲೆ ಕೆಲಸ ಇದ್ದಾಗ ಟ್ರಾನ್ಸ್‌ಫಾರ್ಮರಿನ ಮೂರೂ ಫ್ಯೂಸ್ ಕಿತ್ತು ಆ ಚೀಲಕ್ಕೆ ಹಾಕಿಕೊಂಡುಬಿಡುತ್ತಿದ್ದ. ಅಲ್ಲೇ ಬಿಟ್ಟರೆ ಯಾರಾದರೂ ಧಾರಾವಾಹಿಯ ಆಸೆಗೆ ತಂದು ಸಿಕ್ಕಿಸಿಬಿಡುತ್ತಾರೆ ಎಂದು ಅವನ ಭಯ. ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತಿದ್ದರೆ ಜನ, "ಊರ್ ಕರೆಂಟ್ನೆಲ್ಲ ಚೀಲ್ದಾಗ್ ಮಡಿಕಂಡು ಟೀ ಕುಡೀತಾವ್ನೆ ನೋಡು" ಎಂದು ರೇಗಿಸುತ್ತಿದ್ದರು. ಅವನು ಚೀಲ ತಟ್ಟಿ, "ಬೆಚ್ಚಗೈತೆ, ಎದರ್ಬೇಡಿ" ಎನ್ನುತ್ತಿದ್ದ.

ಅಜ್ಜಿಗೆ ಅವನೆಂದರೆ ಅಕ್ಕರೆ. ಅವನ ಮಗಳಿಗೆ ಆಗ ಎಂಟು ತಿಂಗಳು. ರಾಗಿ ಸರಿ ಹಿಟ್ಟು ಮಾಡಿ ಡಬ್ಬಿಗೆ ತುಂಬಿ ಜಗಲಿಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅವರ ಮನೆಯಲ್ಲಿ ಬುದ್ಧನ ಪಟ, ಆಯುಧಪೂಜೆ ಇಲ್ಲ. ಆದರೂ ಪ್ರತಿ ವರ್ಷ ಅಜ್ಜಿ ಅವನ ಕಟಿಂಗ್ ಪ್ಲೇಯರನ್ನು ಕಸಿದುಕೊಂಡು ಕುಂಕುಮ ಇಟ್ಟು ಕೊಡುತ್ತಿದ್ದರಂತೆ. "ಪೂಜೆ ನಿಮ್ದು ಅಜ್ಜಿ, ಪುರಿ ನಂದು" ಎಂದು ಅವನು ಪುರಿ ಕಡಲೆ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದನಂತೆ. ಇದೆಲ್ಲ ಜಗಲಿಯ ಮೇಲೆ. ಅವನು ಜಗಲಿ ದಾಟಿ ಒಳಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಬೇಡ ಅಂದದ್ದನ್ನೂ ಕೇಳಿರಲಿಲ್ಲ, ಬಾ ಅಂದದ್ದನ್ನೂ ಕೇಳಿರಲಿಲ್ಲ.

ಆ ವರ್ಷ ಹಿಂಗಾರು ನವರಾತ್ರಿಗೇ ಬಂತು. ಬಾಗೂರಿನಲ್ಲಿ ನಾವು ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಳ್ಳುತ್ತಿದ್ದೆವು, ಇಲ್ಲಿ ಕೊಡೆ ಮಡಚುವುದಕ್ಕೇ ಪುರುಸೊತ್ತಿರಲಿಲ್ಲ. ಮಹಾನವಮಿಗೆ ಮೂರು ದಿನ ಇರುವಾಗ ಸಂಜೆ ಎಂಥ ಗಾಳಿ ಬೀಸಿತೆಂದರೆ, ಕೆರೆ ಏರಿಯ ಮೇಲಿನ ಎರಡು ಮರ ಲೈನಿನ ಮೇಲೆ ಬಿದ್ದವು, ಕಂಬ ವಾಲಿತು, ನಮ್ಮ ಬೀದಿಯ ತಂತಿ ಹರಿದು ರಸ್ತೆಯಲ್ಲಿ ಬಿತ್ತು. ಅರಕಲಗೂಡಿನಲ್ಲೂ ಕರೆಂಟಿಲ್ಲ. ಸಿದ್ದರಾಜು ಊರೂರು ಸುತ್ತಿ ಒಂದೊಂದೇ ಸರಿ ಮಾಡುತ್ತ ಬರುತ್ತಿದ್ದ, ನಮ್ಮ ಬೀದಿಯ ಸರದಿ ಕೊನೆಗಿತ್ತು.

ನನಗೆ ದೀಪದ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಫ್ರಿಡ್ಜಿನದು. ಗಾಳಿ ಬೀಸಿದ ದಿನ ಬೆಳಗ್ಗೆಯೇ ಕಾಲುಬಾಯಿ ಜ್ವರದ ಲಸಿಕೆ ಬಂದು ಅದರಲ್ಲಿ ಕೂತಿತ್ತು, ನಾಲ್ಕು ಊರಿನ ದನಗಳಿಗಾಗುವಷ್ಟು. ಎರಡು ಡಿಗ್ರಿಗಿಂತ ಕಡಿಮೆಯಾಗಬಾರದು, ಎಂಟು ದಾಟಬಾರದು. ವಿಜಯದಶಮಿಯ ಮಾರನೆಯ ದಿನ ಲಸಿಕೆ ಹಾಕಲು ಶುರುಮಾಡಬೇಕು. ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರೆ, "ಇಲ್ಲೂ ಅದೇ ಗತಿ. ಇದು ಕೆಟ್ರೆ ಮತ್ತೆ ಯಾವಾಗ ಬರುತ್ತೋ ಗೊತ್ತಿಲ್ಲ. ಹೇಗಾದ್ರೂ ಕಾಪಾಡ್ಕೊ" ಅಂದರು. ಐಸ್ ಪ್ಯಾಕುಗಳನ್ನು ಲಸಿಕೆ ಡಬ್ಬಿಗೆ ಜೋಡಿಸಿದೆ, ಫ್ರಿಡ್ಜಿನ ಬಾಗಿಲಿಗೆ ಕಂಬಳಿ ಹೊದಿಸಿದೆ. ಹಬ್ಬದ ದಿನ ಬೆಳಗ್ಗೆ ಥರ್ಮಾಮೀಟರ್ ನೋಡಿದಾಗ ಏಳೂವರೆ ತೋರಿಸುತ್ತಿತ್ತು. ಐಸು ನೀರಾಗಿತ್ತು. ನನಗೆ ಅಳುವೇ ಬಂತು.

"ಅಳೋದ್ಯಾಕ್ ಕಣಮ್ಮ, ಮೂರ್ ದಿನಕ್ಕೆ ಇವತ್ ಪೆಟ್ರೋಲ್ ಸಿಕ್ಕೈತೆ, ನನ್ ಡಬಲ್ ಪಿನ್ ವೈರಿಲ್ವಾ?" ಎಂದ ಚಂದ್ರಣ್ಣ.

ಅವನ ಮಾತು ಮುಗಿಯುವ ಹೊತ್ತಿಗೆ ಅಜ್ಜಿಯ ಪೂಜೆ ಮುಗಿದಿತ್ತು. ಕುಡುಗೋಲು, ಮಚ್ಚು, ನೇಗಿಲು, ಹಾಲಿನ ಮೆಷಿನ್, ನನ್ನ ಸಿರಿಂಜು, ಮೊಮ್ಮಗನ ಜ್ಯಾಮಿಟ್ರಿ ಬಾಕ್ಸು, ಹಜಾರದ ಮೇನ್ ಸ್ವಿಚ್ಚು, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಮೇನ್ ಸ್ವಿಚ್ಚಿಗಂತೂ ಸೇವಂತಿಗೆ ಹಾರವನ್ನು ಹಿಡಿಗೂ ಪೆಟ್ಟಿಗೆಗೂ ಸೇರಿಸಿ ಎರಡು ಸುತ್ತು ಸುತ್ತಿದ್ದರು. ಹಿಡಿ ಮೇಲಕ್ಕಿತ್ತು, ಅಂದರೆ ಮನೆಗೂ ಬೀದಿಯ ಲೈನಿಗೂ ಸಂಪರ್ಕ ಇತ್ತು. ಪೂಜೆ ಮಾಡಿದ ಆಯುಧವನ್ನು ಮಾರನೆಯ ದಿನದ ತನಕ ಅಲ್ಲಾಡಿಸುವ ಹಾಗಿಲ್ಲ.

"ಅಂಗಾದ್ರೆ ಜನರೇಟ್ರೂ ಓಡಿಸ್ಬಾರ್ದಲ್ಲವ್ವ?" ಎಂದು ಚಂದ್ರಣ್ಣ ತಲೆ ಕೆರೆದುಕೊಂಡ.

ಅಜ್ಜಿ ಯೋಚನೆ ಮಾಡಿ ತೀರ್ಪು ಕೊಟ್ಟರು. "ಅದುಕ್ಕೆ ಚಕ್ರ ಐತೆ, ಇಂಜಿನ್ ಐತೆ. ಅದು ಗಾಡಿ ಲೆಕ್ಕ. ಗಾಡಿ ಪೂಜೆ ಮಾಡಿ ನಿಂಬೆಣ್ಣಿನ ಮ್ಯಾಲೆ ಓಡಿಸ್ಲೇಬೇಕು. ಸ್ವಿಚ್ಗೆ ಚಕ್ರ ಐತಾ? ಇಲ್ಲ. ಅದು ಕುಂತಿರ್ಬೇಕು."

ಹಾಗಾಗಿ ಜನರೇಟರಿನ ನಾಲ್ಕು ಕಡೆ ನಿಂಬೆಹಣ್ಣು ಇಟ್ಟು ಉರುಳಿಸಿದೆವು. ಮಳೆ ಬಂದರೆ ನೆನೆಯುತ್ತದೆ ಎಂದು ಚಂದ್ರಣ್ಣ ಅದನ್ನು ಹಜಾರದೊಳಗೇ ತಂದು ನಿಲ್ಲಿಸಿ ಹಗ್ಗ ಎಳೆದ. ಹೊಗೆ ಹಜಾರ ತುಂಬಿತು. ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು, "ದೇವ್ರ ಮುಂದೆ ಧೂಪ ಆಕಿವ್ನಿ, ನಿನ್ ಈ ಕರೀ ಧೂಪ ಯಾರಿಗ್ ಬೇಕಿತ್ಲಾ? ತಗಂಡೋಗು ಆಚೀಕೆ" ಎಂದು ಗದರಿ ಆರಿಸಿ, ಅಂಗಳದ ಆ ತುದಿಗೆ ಅಟ್ಟಿದರು. ಆ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ವಿಷಗಾಳಿಯೂ ಇದ್ದು ಮನುಷ್ಯರನ್ನು ಮಲಗಿದಲ್ಲೇ ಕೊಂದುಬಿಡುತ್ತದೆ, ಜನರೇಟರು ಯಾವತ್ತೂ ಮನೆಯೊಳಗೆ, ಕಿಟಕಿ ಹತ್ತಿರ ಇರಬಾರದು ಎಂದು ಸಿದ್ದರಾಜು ಆಮೇಲೆ ಹೇಳಿದ. ಧೂಪದ ಘಮ ಕೆಡುತ್ತದೆ ಎಂಬ ಸಿಟ್ಟಿನಲ್ಲಿ ಅಜ್ಜಿ ಗೊತ್ತಿಲ್ಲದೆಯೇ ನಮ್ಮೆಲ್ಲರನ್ನು ಉಳಿಸಿದ್ದರು.

ಚಂದ್ರಣ್ಣ ತನ್ನ ವೈರಿನ ಒಂದು ತುದಿಯನ್ನು ಜನರೇಟರಿಗೆ ಚುಚ್ಚಿದ; ಇನ್ನೊಂದು ತುದಿಯನ್ನು ಜಗಲಿಯ ಪ್ಲಗ್ಗಿಗೆ ಚುಚ್ಚುವ ಮೊದಲು ನಾನು ಮೆಲ್ಲಗೆ ಕೇಳಿದೆ. "ಚಂದ್ರಣ್ಣ, ಮೇನ್ ಇಳಿಸ್ಬೇಕಲ್ವಾ?"

ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ಸ್ವಿಚ್ಚಿನ ಮುಂದೆ ನಿಂತುಬಿಟ್ಟರು. "ಮೂರು ದಿನದಿಂದ ಕರೆಂಟೇ ಇಲ್ಲ. ಅದು ಮ್ಯಾಕಿದ್ರೇನು, ಕೆಳೀಕಿದ್ರೇನು?"

"ಔದು ಕಣಮ್ಮ, ಲೈನೇ ಕಿತ್ತೋಗೈತೆ. ಕಿತ್ತೋಗಿರೋ ಲೈನಿಗೆ ಕರೆಂಟ್ ಎಂಗ್ ಓದಾತು?" ಎಂದು ಚಂದ್ರಣ್ಣನೂ ಸೇರಿಕೊಂಡ.

ನಾನು ವಿಜ್ಞಾನ ಓದಿದವಳು. ಇದು ತಪ್ಪು ಎಂದು ನನಗೆ ಒಳಗೇ ಅನಿಸುತ್ತಿತ್ತು. ಆದರೆ ಹಬ್ಬದ ದಿನ ಬಾಡಿಗೆ ಮನೆಯವಳು ಪೂಜೆ ಕೆಡಿಸಿದಳು ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಥರ್ಮಾಮೀಟರು ಎಂಟರ ಹತ್ತಿರ ಬಂದಿತ್ತು. ಸುಮ್ಮನಾದೆ.

ಚಂದ್ರಣ್ಣ ಪ್ಲಗ್ಗಿಗೆ ವೈರು ಚುಚ್ಚಿ ಹೋಗಿ ಹಗ್ಗ ಎಳೆದ. ಫ್ರಿಡ್ಜು ಗುಂಯ್ ಎಂದಿತು. ದೇವರ ಪಟದ ಸೀರಿಯಲ್ ಲೈಟು ಮಿನುಗಿತು. ನಾನು ಫ್ರಿಡ್ಜಿನ ಮೇಲೆ ಕೈಯಿಟ್ಟು ನಿಂತೆ, ಮೂರು ದಿನದ ಭಾರ ಇಳಿದ ಹಾಗಾಯಿತು. ಜನರೇಟರಿನ ಸದ್ದು ಮಾತ್ರ ಯಾಕೋ ಎಂದಿನಂತಿರಲಿಲ್ಲ. ಮುಕ್ಕರಿಯುತ್ತಿತ್ತು, ಏರು ಹತ್ತುವ ಲಾರಿಯ ಹಾಗೆ.

ಅಷ್ಟರಲ್ಲಿ ಎದುರು ಮನೆಯ ಜಯಮ್ಮ ಅಡುಗೆಮನೆಯಿಂದ ಓಡಿ ಬಂದು ಬೀದಿಯಲ್ಲಿ ನಿಂತು ಕೂಗಿದರು. "ಕರೆಂಟ್ ಬಂತು! ಅಕ್ಕೋ, ಕರೆಂಟ್ ಬಂತು ಕಣ್ರೇ!"

ಅವರ ಮನೆಯ ಬಲ್ಬು ಮಂಕಾಗಿ ಉರಿಯುತ್ತಿತ್ತು. ಪಕ್ಕದ ಮನೆಯದೂ ಉರಿಯಿತು. ಎಲ್ಲೋ ಒಂದು ಮಿಕ್ಸಿ ಕೊಸರಾಡಿತು. ಮಕ್ಕಳು "ಹೋ" ಎಂದು ಬೀದಿಗೆ ಬಿದ್ದರು. ಮೂರು ದಿನ ಕತ್ತಲಲ್ಲಿದ್ದ ಬೀದಿಗೆ ಒಂದೇ ಸಲ ಹಬ್ಬ ಬಂತು. ಅಜ್ಜಿಯೂ ಸ್ವಿಚ್ಚಿಗೆ ಕೈ ಮುಗಿದು, "ನೋಡ್ದಾ, ಪೂಜೆ ಫಲ" ಅಂದರು.

ನನಗೆ ಹೊಳೆಯಿತು. ಜಯಮ್ಮನ ಮನೆಗೆ ಬಂದದ್ದು ನಮ್ಮ ಜನರೇಟರಿನ ಕರೆಂಟು. ಅದು ಪ್ಲಗ್ಗಿನಿಂದ ಮನೆಯೊಳಗೆ ಹೊಕ್ಕು, ಮೇಲಕ್ಕೆತ್ತಿದ್ದ ಮೇನ್ ಸ್ವಿಚ್ಚಿನ ಮೂಲಕ ಕಂಬಕ್ಕೆ ಹೋಗಿತ್ತು. ಹರಿದ ತಂತಿಯ ಈಚೆಗಿನ ಐದಾರು ಮನೆಗೂ ಲೈನಿಗೂ ತುಂಬಿತ್ತು. ಬೆಳಗ್ಗೆ ಒಂಬತ್ತಕ್ಕೆ ಜಗಲಿಯ ಮುಂದೆ ಹಾದು ಹೋಗುವಾಗ ಸಿದ್ದರಾಜು ನನಗೆ ಹೇಳಿದ್ದ: "ಇವತ್ ನಿಮ್ ಬೀದಿ ಮೇಡಮ್. ಹಬ್ಬದ್ ಊಟದೊತ್ಗೆ ಕರೆಂಟ್ ಕೊಡ್ತೀನಿ."

ಬೀದಿಯ ಕೊನೆಯ ಕಂಬದ ಮೇಲೆ ಖಾಕಿ ಅಂಗಿ ಕಾಣಿಸಿತು.

ಜಗಲಿಗೆ ಓಡಿ ವೈರು ಕೀಳಲು ಕೈ ಹಾಕಿದೆ. "ಕೀಳ್ಬ್ಯಾಡಾ!" ಎಂದು ಚಂದ್ರಣ್ಣ ಕಿರುಚಿದ. ಅವನಿಗೂ ಆ ಹೊತ್ತಿಗೆ ಹೊಳೆದಿತ್ತು. ಆ ವೈರು ಕಿತ್ತರೆ ಬರಿಯ ಪಿನ್ನು ನನ್ನ ಕೈಯಲ್ಲಿರುತ್ತಿತ್ತು, ಅದರ ತುಂಬ ಕರೆಂಟು. ಇಬ್ಬರೂ ಅಂಗಳಕ್ಕೆ ಓಡಿದೆವು. ಅವನು ಜಾರಿ ಬಿದ್ದ, ನಾನು ಅವನನ್ನು ದಾಟಿ ಜನರೇಟರಿನ ಕೆಂಪು ಗುಂಡಿ ಒತ್ತಿದೆ. ಸದ್ದು ನಿಂತಿತು. ಬೀದಿಯ ಬಲ್ಬುಗಳು ಆರಿದವು. ಮಕ್ಕಳು "ಅಯ್ಯೋ" ಎಂದರು.

ಆ ನಿಶ್ಶಬ್ದದಲ್ಲಿ ಕಂಬದ ಮೇಲಿಂದ ಒಂದು ದನಿ ಬಂತು. "ಯಾವನ್ಲಾ ಅವ್ನು ಜನರೇಟ್ರ್ ಆಕಿದ್ದು?"

ಅಷ್ಟು ಚಂದದ ಬೈಗುಳವನ್ನು ನಾನು ಜನ್ಮದಲ್ಲೇ ಕೇಳಿಲ್ಲ. ಅಂಗಳದ ಕೆಸರಿನಲ್ಲೇ ಕೂತು ಅತ್ತೆ. ಚಂದ್ರಣ್ಣನೂ ಬಿದ್ದಲ್ಲೇ ಕೂತು ಅಳುತ್ತಿದ್ದ. ನಿಂಬೆಹಣ್ಣಿನ ಸಿಪ್ಪೆ ಅವನ ಮೊಣಕೈಗೆ ಅಂಟಿತ್ತು.

ಸಿದ್ದರಾಜು ಇಳಿದು ಬಂದ. ನೇರ ಜಗಲಿಗೆ ಬಂದು ಹೊಸ್ತಿಲ ಹತ್ತಿರ ನಿಂತ. ಹಣೆಯಲ್ಲಿ ಬೆವರು. ಚೀಲಕ್ಕೆ ಕೈ ಹಾಕಿ ಪಿಂಗಾಣಿಯ ಮೂರು ಫ್ಯೂಸ್ ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟ.

"ತಂತಿಗ್ ಕೈ ಚಾಚಿದ್ದೆ ಮೇಡಮ್. ಅಷ್ಟೊತ್ಗೆ ಜಯಮ್ಮಕ್ಕ ಕರೆಂಟ್ ಬಂತು ಅಂತ ಕೂಗಿದ್ರು. ಊರ್ ಕರೆಂಟ್ ನನ್ ಚೀಲ್ದಾಗೈತೆ, ಮೂರು ಫ್ಯೂಸೂ ಇಲ್ಲೇ ಅವೆ. ಅಂಗಿದ್ಮ್ಯಾಲೆ ಬಂದದ್ದು ಯಾರ್ ಕರೆಂಟು? ಕೈ ಇಂದಕ್ ತಗಂಡೆ." ತಾನೇ ಸೇರಿಸಿದ. "ನಂದೂ ತಪ್ಪೈತೆ. ಮುಟ್ಟೋಕ್ ಮುಂಚೆ ಟೆಸ್ಟ್ ಮಾಡಿ, ತಂತಿಗೆ ಚೈನ್ ಆಕಿ ಭೂಮಿಗ್ ಕೊಡ್ಬೇಕಿತ್ತು. ಚೀಲ್ದಾಗೇ ಐತೆ ಚೈನು. ಫ್ಯೂಸ್ ನಂತಾವೇ ಅವಲ್ಲ ಅಂತ ಧೈರ್ಯ ಮಾಡ್ಬುಟ್ಟೆ."

ಅಜ್ಜಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. "ನಮ್ಮನೆ ದೀಪಕ್ ಆಕಿದ್ದು ನಿನ್ ಕಂಬುಕ್ ಎಂಗ್ ಬಂತಪ್ಪ?"

"ಮನೆಗ್ ಬರೋ ದಾರೀಲೇ ಆಚೀಕೂ ಓಯ್ತದೆ ಅಜ್ಜಿ. ಕರೆಂಟ್ಗೆ ಒನ್ ವೇ ಗೊತ್ತಿಲ್ಲ. ಮೇನ್ ಮ್ಯಾಕಿದ್ರೆ ಬಾಗ್ಲು ತೆಗೆದಂಗೆ." ಅವನು ಒಳಗಿನ ಗೋಡೆ ನೋಡಿದ. ಹಾರ ಸುತ್ತಿದ ಸ್ವಿಚ್ಚು ಕಂಡಿತು. ಅವನಿಗೆ ಎಲ್ಲ ತಿಳಿಯಿತು. ಬೈಯಲು ಬಾಯಿ ತೆರೆದವನು ಅಜ್ಜಿಯ ಮುಖ ನೋಡಿ ಫ್ಯೂಸುಗಳನ್ನು ಎತ್ತಿ ಮತ್ತೆ ಚೀಲಕ್ಕೆ ಹಾಕಿಕೊಂಡ.

ಅಜ್ಜಿಯ ಮುಖ ಬಿಳಿಚಿಕೊಂಡಿತ್ತು. ಅವರು ಸ್ವಿಚ್ಚಿನ ಹತ್ತಿರ ಹೋಗಿ, ತಾವೇ ಸುತ್ತಿದ ಹಾರವನ್ನು ತಾವೇ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿಯನ್ನು ಜಗ್ಗಿ ಕೆಳಗಿಳಿಸಿದರು. ಕುಂಕುಮ ಅವರ ಅಂಗೈಗೆ ಬಂತು. ಆಮೇಲೆ ಹೊಸ್ತಿಲ ಕಡೆ ತಿರುಗಿ, "ಒಳೀಕ್ ಬಾ ಮಗಾ" ಅಂದರು.

"ಕಾಲ್ ಕೆಸರಾಗೈತೆ ಅಜ್ಜಿ."

"ಕೆಸ್ರು ತೊಳುದ್ರೆ ಓಯ್ತದೆ. ನೀನ್ ಓಗಿದ್ರೆ ಎಂಗ್ಲಾ ತರ್ತಿದ್ದೆ ನಾನು? ನಿನ್ ಮಗೀಗೆ ಏನ್ ಯೋಳ್ತಿದ್ದೆ? ಬಾ ಒಳೀಕೆ." ಅವನು ಒಳಗೆ ಬಂದ. ಅಜ್ಜಿ ಅವನ ಎರಡೂ ಕೈ ಹಿಡಿದು, ಬೆರಳು ಬೆರಳನ್ನೂ ತಿರುಗಿಸಿ ನೋಡಿದರು, ಸುಟ್ಟಿಲ್ಲ ತಾನೇ ಎಂದು. ಅವನ ಕೈಗೂ ಕುಂಕುಮ ಹತ್ತಿತು. "ನೋಡಿ, ಪ್ಲೇಯರ್ ಬುಟ್ಟು ಈಗ ನಂಗೇ ಪೂಜೆ ಮಾಡ್ಬುಟ್ರಿ" ಎಂದು ಅವನು ನಗಿಸಲು ನೋಡಿದ. ಅಜ್ಜಿ ನಗಲಿಲ್ಲ, ಅವನ ತಲೆಗೆ ಮೆಲ್ಲಗೆ ಒಂದು ಮೊಟಕಿದರು.

ಲಸಿಕೆ ಉಳಿಯಿತು. ಉಳಿಸಿದ್ದೂ ಸಿದ್ದರಾಜುವೇ. "ಇಷ್ಟಕ್ಕೆ ಮನೆಗೆಲ್ಲ ಯಾಕ್ ಕೊಡ್ಬೇಕಿತ್ತು?" ಎಂದು ಜನರೇಟರನ್ನು ಕೇಂದ್ರದ ಕೋಣೆಯ ಕಡೆಗೆ, ಕಿಟಕಿಯಿಂದ ದೂರಕ್ಕೇ ಎಳೆಸಿದ. ಜಯಮ್ಮನ ಮನೆಯಿಂದ ಅವರ ಗಂಡ ಮೋಟರಿಗೆ ಬಳಸುತ್ತಿದ್ದ ದಪ್ಪ, ಉದ್ದದ ಎಕ್ಸ್‌ಟೆನ್ಷನ್ ವೈರು ತರಿಸಿ ಜನರೇಟರಿಗೆ ಸಿಕ್ಕಿಸಿ, ಫ್ರಿಡ್ಜಿನ ಪಿನ್ನನ್ನು ನೇರ ಅದರ ಇನ್ನೊಂದು ತುದಿಯ ಸಾಕೆಟ್ಟಿಗೆ ಚುಚ್ಚಿದ. ಗೋಡೆಯ ಪ್ಲಗ್ಗಿಗೂ ಜನರೇಟರಿಗೂ ಸಂಬಂಧವೇ ಇಲ್ಲ. ಅರ್ಧ ಗಂಟೆಯಲ್ಲಿ ಥರ್ಮಾಮೀಟರು ಇಳಿಯತೊಡಗಿತು. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನಗೆ ಇವತ್ತಿಗೂ ನಾಚಿಕೆ. ಆಮೇಲೆ ಸಿದ್ದರಾಜು ಚಂದ್ರಣ್ಣನ ಡಬಲ್ ಪಿನ್ ವೈರನ್ನು ಕೇಳಿ ಪಡೆದು, ಪ್ಲೇಯರಿನಿಂದ ಒಂದು ಪಿನ್ನನ್ನು ಕಚಕ್ ಎಂದು ಕತ್ತರಿಸಿ ಚೀಲಕ್ಕೆ ಹಾಕಿಕೊಂಡ. ಚಂದ್ರಣ್ಣ ತನ್ನ ಕೋಳಿ ಕುಯ್ದವರನ್ನು ನೋಡುವ ಹಾಗೆ ನೋಡುತ್ತಿದ್ದ. ಈ ಸಲ ಸಿದ್ದರಾಜು ಚೈನ್ ಹಾಕಿಯೇ ಕಂಬ ಹತ್ತಿದ. ಅಜ್ಜಿ ಕಂಬದ ಬುಡದಲ್ಲಿ ಒಂದು ಮಣೆ ಹಾಕಿಸಿಕೊಂಡು ಅವನು ಇಳಿಯುವ ತನಕ ಕೂತಿದ್ದರು. ಊಟದ ಹೊತ್ತಿಗೆ ಬೀದಿಗೆ ನಿಜವಾದ ಕರೆಂಟ್ ಬಂತು. ಜಯಮ್ಮ ಈ ಸಲ ಕೂಗುವ ಮೊದಲು, "ಇದು ಯಾರ್ದು, ಸಿದ್ದರಾಜೂದಾ, ಚಂದ್ರಣ್ಣಂದಾ?" ಎಂದು ಕೇಳಿಕೊಂಡರು.

ಮುಂದಿನ ವಾರ ಅರಕಲಗೂಡಿನಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಚೇಂಜ್ ಓವರ್ ಸ್ವಿಚ್ ತಂದು ಹಾಕಿದರು. ಅದಕ್ಕೆ ಮೂರು ಜಾಗ. ಮೇಲಿದ್ದರೆ ಲೈನಿನ ಕರೆಂಟು, ಕೆಳಗಿದ್ದರೆ ಜನರೇಟರಿನದು, ನಡುವೆ ಇದ್ದರೆ ಯಾವುದೂ ಇಲ್ಲ. ಎರಡನ್ನೂ ಒಟ್ಟಿಗೆ ಸೇರಲು ಅದು ಬಿಡುವುದೇ ಇಲ್ಲ, ಮನೆಯವರು ಮರೆತರೂ ಸರಿಯೇ. ಜನರೇಟರಿಗೆ ಬೇರೆ ಅರ್ಥಿಂಗ್ ಮಾಡಿ, ಅದರ ವೈರು ಸಿಕ್ಕಿಸಲು ಹೊರಗೋಡೆಗೆ ಮುಚ್ಚಳ ಇರುವ 'ಬಾಯಿ' ಕೂರಿಸಿದರು. ಅಜ್ಜಿ ಅವರನ್ನು ಮುದ್ದೆ ಬಡಿಸುವ ತನಕ ವಿಚಾರಣೆ ಮಾಡಿದರು.

"ನಿಮ್ ಸ್ವಿಚ್ಗೆ ಪೂಜೆ ಮಾಡ್ಬೌದೇನಪ್ಪ?"

"ಧಾರಾಳವಾಗಿ ಮಾಡಿ ಅಜ್ಜಿ."

"ಮಾಡುದ್ಮ್ಯಾಲೆ ಅಲ್ಲಾಡಿಸ್ಬಾರ್ದಲ್ಲ?"

ಅವರು ತಲೆ ಕೆರೆದುಕೊಂಡರು. ಮೂಲೆಯಲ್ಲಿ ನಿಂತಿದ್ದ ಸಿದ್ದರಾಜು ಉತ್ತರ ಕೊಟ್ಟ. "ನಡೂಕ್ ತಂದ್ ಮಡಗಿ ಪೂಜೆ ಮಾಡಿ ಅಜ್ಜಿ. ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ."

ಅಜ್ಜಿ ಹಿಡಿಯನ್ನು ತಾವೇ ನಡುವಿಗೆ ತಂದು ನೋಡಿದರು. "ಅಂದ್ರೆ ಅದುಕ್ಕೂ ಅವತ್ತು ರಜಾ. ಸರಿ, ಒಪ್ದೆ" ಅಂದರು.

ನಾನು ನಾಲ್ಕೂ ಊರಿನ ಲಸಿಕೆ ಮುಗಿಸಿದೆ. ಮೂರು ಸಲ ಒದೆ ತಿಂದೆ, ಒಂದು ಸಲ ಎಮ್ಮೆಯ ಹಿಂದೆ ಕೆರೆಗೆ ಬಿದ್ದೆ. ಆ ಹಿಂಗಾರಿನಲ್ಲಿ ನಾನು ಕಲಿತದ್ದು ಒಂದೇ. ತಪ್ಪು ಕಂಡರೆ ಹಬ್ಬವಿದ್ದರೂ ಬಾಯಿ ಬಿಡಬೇಕು. ಈಗ ನಾನು ಇಲಾಖೆಯಲ್ಲಿ ದೊಡ್ಡ ಬಾಯಿಯವಳು ಎಂದು ಹೆಸರಾಗಿದ್ದೇನೆ, ಅದಕ್ಕೆ ಆ ಊರೇ ಕಾರಣ. ಎರಡು ವರ್ಷದ ನಂತರ ವರ್ಗವಾಯಿತು, ಹಾಸನ, ಆಮೇಲೆ ಚನ್ನರಾಯಪಟ್ಟಣ. ಫೋನಿನಲ್ಲಿ ಮಾತಾಡುವುದು ಬಿಟ್ಟರೆ ಅತ್ತ ಹೋಗಲಾಗಿರಲಿಲ್ಲ.

ಅಂಗಡಿಯ ಮುಂದೆ ಆ ವಾಸನೆ ಬಂದ ಮಾರನೆಯ ದಿನ, ಹಬ್ಬದ ಬೆಳಗ್ಗೆ, ಮೊದಲ ಬಸ್ ಹತ್ತಿದೆ. ಹೊಳೆನರಸೀಪುರದಲ್ಲಿ ಹೇಮಾವತಿ ತುಂಬಿ ಹರಿಯುತ್ತಿತ್ತು. ಅರಕಲಗೂಡಿನಲ್ಲಿ ಸೇವಂತಿಗೆ ಕೊಂಡೆ. ಅಜ್ಜಿ ಎಂಬತ್ತು ದಾಟಿದ್ದಾರೆ, ಕಣ್ಣು ಮಂದವಾಗಿದೆ, ಬಾಯಿ ಮಂದವಾಗಿಲ್ಲ. "ಯಾರು, ಡಾಕ್ಟ್ರವ್ವನಾ? ದಪ್ಪಗಾಗಿದೀಯ ಬುಡು" ಎಂದು ನನ್ನ ತೋಳು ಹಿಸುಕಿದರು. ಹಜಾರದ ಗೋಡೆಯಲ್ಲಿ ಚೇಂಜ್ ಓವರ್ ಸ್ವಿಚ್ಚು ನಡುವಿಗೆ ನಿಂತಿತ್ತು, ಮೇಲೆ ಹಾರ. ಇಡೀ ಮನೆಯಲ್ಲಿ ಕರೆಂಟಿಗೆ ರಜೆ. ಅಂಗಳದ ಆ ತುದಿಯಲ್ಲಿ ಜನರೇಟರು ನಾಲ್ಕು ನಿಂಬೆಹಣ್ಣಿನ ಮೇಲೆ ಸಿದ್ಧವಾಗಿತ್ತು. ಅದಕ್ಕೆ ಈಗ ಯಾವ ವೈರೂ ಇಲ್ಲ, ಗಾಡಿ ಲೆಕ್ಕದಲ್ಲಿ ಒಮ್ಮೆ ಓಡಿಸಿ ಆರಿಸಬೇಕು, ಅಷ್ಟೇ.

ಸಿದ್ದರಾಜು ಹಜಾರದಲ್ಲಿ ಚಕ್ಕಳ ಮಕ್ಕಳ ಹಾಕಿ ಕೂತು ಹೋಳಿಗೆ ತಿನ್ನುತ್ತಿದ್ದ. ಪಕ್ಕದಲ್ಲಿ ಮಗಳು, ಈಗ ಮೂರನೇ ಕ್ಲಾಸು. ಚೀಲ ಗೋಡೆಗೆ ಒರಗಿತ್ತು. ನಾನು ಅವನ ಪಕ್ಕ ಎಲೆ ಹಾಕಿಸಿಕೊಂಡೆ.

ಅಂಗಳದಿಂದ ಚಂದ್ರಣ್ಣ ಕೂಗಿದ. "ಅವ್ವೋ, ಎಳೀಲಾ?"

"ಇರ್ಲಾ" ಎಂದರು ಅಜ್ಜಿ. ಆಮೇಲೆ ಮಂದಗಣ್ಣನ್ನು ಮೇಲಕ್ಕೆತ್ತಿ, ಬೀದಿ ಕೊನೆಯ ಕಂಬದ ಕಡೆಗೆ ಗಟ್ಟಿಯಾಗಿ ಕೇಳಿದರು. "ಸಿದ್ದರಾಜು! ಕೆಳೀಕಿದ್ದೀಯೇನಪ್ಪಾ?"

ನಾನು ನಗಲು ಹೋದೆ. ಸಿದ್ದರಾಜು ಕಣ್ಣಿನಲ್ಲೇ ಬೇಡ ಅಂದ. ನಾನಿದ್ದಾಗ ಶುರುವಾದದ್ದು, ಎಂಟು ವರ್ಷವಾದರೂ ಆ ಮನೆಯಲ್ಲಿ ಜನರೇಟರ್ ಹಗ್ಗ ಎಳೆಯುವ ಮೊದಲು ಪ್ರತಿ ಸಲ ಈ ಪ್ರಶ್ನೆ ಆಗಲೇಬೇಕಂತೆ, ಅವನು ದೂರವಿದ್ದರೆ ಫೋನಿನಲ್ಲಿ. ಅವನು ಬಾಯಲ್ಲಿದ್ದ ಹೋಳಿಗೆ ನುಂಗಿ, ಮಗಳ ತಟ್ಟೆಗೆ ತುಪ್ಪ ಬಡಿಸುತ್ತಿದ್ದ ಅಜ್ಜಿಯ ಕೈಯನ್ನು ಒಮ್ಮೆ ಮುಟ್ಟಿದ.

"ಕೆಳಗೇ ಇವ್ನಿ ಅಜ್ಜಿ" ಎಂದ. "ನಿಮ್ಮನೇಲೇ ಇವ್ನಿ."

"ಎಳ್ಯೋ ಚಂದ್ರಾ" ಎಂದರು ಅಜ್ಜಿ.